ಚಿಪ್‌ಗೆ ಮೊದಲು ಮಲಗುವುದನ್ನು ಕಲಿಸಿ

ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನ ರೈತರಿಗೆ ಕಟ್ಟು ಪದ್ಧತಿ ಹೊಸದಲ್ಲ. ಕೆಲವು ದಿನ ನಾಲೆಯಲ್ಲಿ ನೀರು, ಮತ್ತೆ ಕೆಲವು ದಿನ ಬಂದ್. ಆ ನಡುವಿನ ದಿನಗಳಲ್ಲಿ ಗದ್ದೆ ಎಷ್ಟು ತಡೆದುಕೊಂಡೀತು ಎಂಬುದೇ ಚಿಂತೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದಕ್ಕೊಂದು ಸುಲಭ ಉಪಾಯ ಹೇಳಿದೆ. ಸುಮಾರು ಒಂದು ಅಡಿ ಉದ್ದದ ಪಿವಿಸಿ ಪೈಪಿನ ಕೆಳಭಾಗಕ್ಕೆ ತೂತು ಕೊರೆದು ಗದ್ದೆಯಲ್ಲಿ ಹೂಳಿ, ಒಳಗಿನ ಕೆಸರು ತೆಗೆಯಬೇಕು. ಮಣ್ಣಿನೊಳಗಿನ ನೀರಿನ ಮಟ್ಟ ಪೈಪಿನಲ್ಲೇ ಕಾಣುತ್ತದೆ. ಅದು ನೆಲದಿಂದ 15 ಸೆಂ.ಮೀ. ಕೆಳಗೆ ಇಳಿಯುವ ತನಕ ಪೈರಿಗೆ ಧಕ್ಕೆಯಿಲ್ಲ; ಇಳಿದ ಮೇಲೆ ನೀರು ಕಟ್ಟಿದರಾಯಿತು. ಹೂ ಬರುವ ಸಮಯದಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತಿರಲೇಬೇಕು.

ದಿನವೂ ಪೈಪಿನೊಳಗೆ ಇಣುಕುವ ಈ ಕೆಲಸವನ್ನು ಒಂದು ಮೈಕ್ರೋಕಂಟ್ರೋಲರ್‌ಗೆ ವಹಿಸಬಹುದು. ಕಡಿಮೆ ವಿದ್ಯುತ್ತಿನ ಬೋರ್ಡನ್ನು ಮೊದಲ ಸಲ ಕೈಗೆತ್ತಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ಹೊಳೆಯುವುದಿಲ್ಲ. ಬೆಳವಾಡಿ, ಕೆ.ಆರ್.ಪೇಟೆ, ಬಿ.ಜಿ.ನಗರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವವರ ಪೈಕಿ ಮನೆಯಲ್ಲಿ ಗದ್ದೆ ಇರುವವರು ಇದ್ದೇ ಇರುತ್ತಾರೆ. ಪ್ರಾಜೆಕ್ಟ್‌ಗಾಗಿ ಅವರು ದೂರ ಹುಡುಕಬೇಕಾಗಿಲ್ಲ.

ಬೋರ್ಡುಗಳು ಹಲವು. ಇಲ್ಲಿ ಎಂಎಸ್‌ಪಿ430 ಚಿಪ್‌ನ ಲಾಂಚ್‌ಪ್ಯಾಡ್ ಬೋರ್ಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇದನ್ನು 2010ರಲ್ಲಿ 4.30 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. 1985ರಲ್ಲೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದ ಕಂಪನಿಯದು. ಎಂಎಸ್‌ಪಿ430 ಕುಟುಂಬದ ಜಿ2553 ಚಿಪ್ 1.8ರಿಂದ 3.6 ವೋಲ್ಟ್‌ನಲ್ಲಿ ಓಡುತ್ತದೆ. ಅದರ ಲೆಕ್ಕ ಸ್ವಾರಸ್ಯವಾಗಿದೆ: ಎಚ್ಚರವಿದ್ದು ಒಂದು ಮೆಗಾಹರ್ಟ್ಸ್ ವೇಗದಲ್ಲಿ ಕೆಲಸ ಮಾಡುವಾಗ ಸುಮಾರು 230 ಮೈಕ್ರೋಆಂಪಿಯರ್, ಗಡಿಯಾರವೊಂದನ್ನು ಮಾತ್ರ ಚಾಲೂ ಇಟ್ಟು ಮಲಗಿದಾಗ 0.5, ಅದನ್ನೂ ನಿಲ್ಲಿಸಿ ಗಾಢ ನಿದ್ದೆಗೆ ಜಾರಿದಾಗ 0.1. ಎಚ್ಚರಕ್ಕೂ ಗಾಢ ನಿದ್ದೆಗೂ ಎರಡು ಸಾವಿರ ಪಟ್ಟಿಗಿಂತ ಹೆಚ್ಚಿನ ಅಂತರ. ಬೋರ್ಡಿನ ಪ್ರಾಣ ಇರುವುದು ಈ ಅಂತರದಲ್ಲಿ.

ಎಲ್ಲರ ಮೊದಲ ಪಾಠ ಎಲ್‌ಇಡಿ ಮಿನುಗಿಸುವುದು. ಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. 220 ಮಿಲಿಆಂಪಿಯರ್-ಗಂಟೆಯ ಬಟನ್ ಸೆಲ್ಲಿನಿಂದ 5 ಮಿಲಿಆಂಪಿಯರ್‌ನ ಒಂದು ಎಲ್‌ಇಡಿಯನ್ನು ಸದಾ ಉರಿಸಿದರೆ ಎರಡು ದಿನದೊಳಗೆ ಸೆಲ್ ಖಾಲಿ. ಚಿಪ್ ಮಲಗಿಯೇ ಇದ್ದರೆ ಅದು ಕುಡಿದು ಮುಗಿಸುವ ಮೊದಲೇ ಸೆಲ್ ತಾನಾಗಿ ಹಳತಾಗಿ ಹೋಗುತ್ತದೆ. ಆದ್ದರಿಂದ ಎರಡನೆಯ ಪಾಠವೇ ನಿದ್ದೆಯಾಗಲಿ, ಮೂರನೆಯದು ಅಳತೆ. ಬೋರ್ಡಿನ ನಡುವೆ ಸಾಲಾಗಿ ಪುಟ್ಟ ಜಂಪರ್‌ಗಳಿವೆ. ಅವುಗಳ ಒಂದು ಕಡೆ ಯುಎಸ್‌ಬಿ ಭಾಗ, ಇನ್ನೊಂದು ಕಡೆ ಚಿಪ್. ಪ್ರೋಗ್ರಾಂ ತುಂಬಿದ ಮೇಲೆ ಜಂಪರ್‌ಗಳನ್ನೆಲ್ಲ ಕಿತ್ತು, ವಿದ್ಯುತ್ ಹಾಯುವ ಜಂಪರ್‌ನ ಜಾಗದಲ್ಲಿ ಮಲ್ಟಿಮೀಟರ್ ಸೇರಿಸಿದರೆ ಚಿಪ್ ನಿಜಕ್ಕೂ ಎಷ್ಟು ತಿನ್ನುತ್ತಿದೆ ಎಂದು ಕಣ್ಣಾರೆ ಕಾಣಬಹುದು. ಹೀಗೆ ಅಳೆಯದೆ ಕಡಿಮೆ ವಿದ್ಯುತ್ತಿನ ಮಾತಾಡುವುದರಲ್ಲಿ ಅರ್ಥವಿಲ್ಲ. ಎಲ್ಲಿಗೂ ಜೋಡಿಸದೆ ಬಿಟ್ಟ ಪಿನ್ನುಗಳೂ ವಿದ್ಯುತ್ ಸೋರಿಸುತ್ತವೆ; ಅವನ್ನು ಔಟ್‌ಪುಟ್ ಮಾಡಿಬಿಡಿ.

ಈಗ ಪೈಪಿಗೆ ಬರೋಣ. ಮಟ್ಟ ಅಳೆಯಲು ಅಲ್ಟ್ರಾಸಾನಿಕ್ ಸೆನ್ಸರ್ ಬೇಕಿಲ್ಲ. ನೀರು ಶುದ್ಧೀಕರಿಸುವ ಯಂತ್ರಗಳಲ್ಲಿ ಬರುವಂಥ ಫ್ಲೋಟ್ ಸ್ವಿಚ್ ಸಾಕು: ತೇಲುವ ಬಿಲ್ಲೆಯೊಳಗೆ ಅಯಸ್ಕಾಂತ, ಕಡ್ಡಿಯೊಳಗೆ ರೀಡ್ ಸ್ವಿಚ್. ನೀರಿಳಿದರೆ ಬಿಲ್ಲೆ ಇಳಿದು ಸ್ವಿಚ್ ಕೂಡಿಕೊಳ್ಳುತ್ತದೆ, ಚಿಪ್ ಎಚ್ಚರವಾಗುತ್ತದೆ. ನೀರಿನ ಮಟ್ಟವೇ ಯಂತ್ರವನ್ನು ಎಬ್ಬಿಸುವ ಈ ಯೋಚನೆ ನಮ್ಮ ಸೀಮೆಗೆ ಪರಿಚಿತ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿ ಹಾಕಿಸಿದ, ಮುಂದೆ ಕನ್ನಂಬಾಡಿಗೂ ಬಂದ ಸ್ವಯಂಚಾಲಿತ ಗೇಟುಗಳು ಏರಿದ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತಿದ್ದವು.

ಇಲ್ಲೊಂದು ಸೂಕ್ಷ್ಮವಿದೆ. ಸ್ವಿಚ್ಚನ್ನು ಓದಲು ಚಿಪ್‌ನೊಳಗಿನ ಪುಲ್-ಅಪ್ ರೆಸಿಸ್ಟರ್ ಬಳಸುತ್ತೇವೆ. ಅದು ಸುಮಾರು 35 ಕಿಲೋಓಮ್. ಸ್ವಿಚ್ ಕೂಡಿಕೊಂಡೇ ಇದ್ದರೆ 3 ವೋಲ್ಟ್‌ನಲ್ಲಿ ಸುಮಾರು 85 ಮೈಕ್ರೋಆಂಪಿಯರ್ ಅದರ ಮೂಲಕ ಹರಿದುಹೋಗುತ್ತಲೇ ಇರುತ್ತದೆ. ಚಿಪ್ 0.1ರಲ್ಲಿ ಮಲಗಿದ್ದೂ ವ್ಯರ್ಥ. ಮೂರೂವರೆ ತಿಂಗಳಲ್ಲಿ ಸೆಲ್ ಮುಗಿಯುತ್ತದೆ. ಪರಿಹಾರ ನೀರುಗಂಟಿಯ ಕ್ರಮದ್ದೇ: ಬಂದು, ನೋಡಿ, ಹೋಗುವುದು, ತೂಬಿನ ಮೇಲೆ ದಿನವಿಡೀ ನಿಲ್ಲುವುದಲ್ಲ. ಎಚ್ಚರವಾದ ಕೂಡಲೇ ಪುಲ್-ಅಪ್ ಆರಿಸಿ, ಆಮೇಲೆ ಗಂಟೆಗೊಮ್ಮೆ ಎದ್ದು ಅರೆಕ್ಷಣ ಹಾಕಿ ನೋಡಿ ಮತ್ತೆ ಆರಿಸಬೇಕು. ಗಂಟೆ ಎಣಿಸಲು ಕೈಗಡಿಯಾರಗಳಲ್ಲಿರುವ 32,768 ಹರ್ಟ್ಸ್‌ನ ಕ್ರಿಸ್ಟಲ್ ಸಾಕು. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡು.

ನಾಗಮಂಗಲದ ಕಡೆ ನಾಲೆಗಿಂತ ಬೋರ್‌ವೆಲ್ಲು, ತೆಂಗಿನ ತೋಟದ ಮಾತೇ ಹೆಚ್ಚು. ಅಲ್ಲಿ ಮಣ್ಣಿನ ತೇವ ಅಳೆಯಬೇಕಾಗುತ್ತದೆ. ಎರಡು ಕಡ್ಡಿಗಳ ಅಗ್ಗದ ಸೆನ್ಸರಿಗೆ ಸದಾ ವಿದ್ಯುತ್ ಕೊಟ್ಟರೆ ಕಡ್ಡಿಯ ಲೋಹ ಮಣ್ಣಿನಲ್ಲೇ ಸವೆದುಹೋಗುತ್ತದೆ. ಓದುವ ಕ್ಷಣಕ್ಕೆ ಮಾತ್ರ ಕೊಟ್ಟರೆ ಸೆಲ್ಲೂ ಉಳಿಯುತ್ತದೆ, ಕಡ್ಡಿಯೂ ಹೆಚ್ಚು ಬಾಳುತ್ತದೆ. ಧಾರಣ (ಕೆಪ್ಯಾಸಿಟೆನ್ಸ್) ತತ್ವದ ಮುಚ್ಚಿದ ಸೆನ್ಸರ್ ಇನ್ನೂ ಮೇಲು. ಇಂಥ ಪ್ರಯೋಗ ಕರ್ನಾಟಕದ ಬಯಲುಸೀಮೆ ಆಗಲೇ ಕಂಡಿದೆ: ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೋಸಾನ್‌ನ ತಾಂತ್ರಿಕ ಸಂಸ್ಥೆ ಸೇರಿ 2000ದ ದಶಕದಲ್ಲಿ ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ, ಮಳೆ ನಂಬಿದ ರೈತರಿಗಾಗಿ, ನಿಸ್ತಂತು ಸೆನ್ಸರ್ ಜಾಲ ಹಾಕಿದ್ದವು.

ಸುದ್ದಿ ಮನೆಗೆ ಮುಟ್ಟಿಸುವುದೇ ಖರ್ಚಿನ ಕೆಲಸ. 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಲೋರಾ ಎಂಬ ದೂರ ಮುಟ್ಟುವ ರೇಡಿಯೋಗೆ ಲೈಸೆನ್ಸ್ ಬೇಡ, ತೋಟ ದಾಟಿ ಮನೆವರೆಗೆ ದನಿ ಮುಟ್ಟುತ್ತದೆ. ಆದರೆ ಕಳಿಸುವಾಗ ಹತ್ತಾರು ಮಿಲಿಆಂಪಿಯರ್ ಎಳೆಯುವುದರಿಂದ ಬಟನ್ ಸೆಲ್ ತಾಳುವುದಿಲ್ಲ. ಗೋಡೆ ಗಡಿಯಾರಕ್ಕೆ ಹಾಕುವ ಎರಡು ಸೆಲ್ ಬೇಕು. ಅದಕ್ಕೇ ಗಂಟೆಗೊಮ್ಮೆ ಓದಿದ್ದನ್ನೆಲ್ಲ ಕಳಿಸದೆ, ಸ್ಥಿತಿ ಬದಲಾದಾಗ ಒಮ್ಮೆ, ಇಲ್ಲವಾದರೆ ದಿನಕ್ಕೊಮ್ಮೆ ‘ಇದ್ದೇನೆ’ ಎಂದು ಮಾತ್ರ ಕಳಿಸುವಂತೆ ಪ್ರೋಗ್ರಾಂ ಬರೆಯಿರಿ.