ಹೂಗಿಡಗಳಿಗೆ ಎರಡು ಬಗೆಯ ಗೊಬ್ಬರ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೊದಲಾದ ಕಡೆಗಳಲ್ಲಿ ಸಂಸಾರ ಹೂಡಿದ್ದಾರೆ. ಅವರು ನಮ್ಮನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆಯೊಂದುಂಟು: "ಟೀಚರ್, ಗಿಡವೇನೋ ಸೊಂಪಾಗಿದೆ, ಹೂವೇ ಬಿಡುವುದಿಲ್ಲವಲ್ಲ!" ಕೆಲವರು ರಾಸಾಯನಿಕ ಗೊಬ್ಬರವನ್ನು ವಿಷವೆಂದು ಬಗೆದು ಮುಟ್ಟುವುದಿಲ್ಲ, ಕೆಲವರು ಅದೊಂದನ್ನೇ ನಂಬಿ ಕೊಟ್ಟಿಗೆ ಗೊಬ್ಬರವನ್ನು ಮರೆಯುತ್ತಾರೆ. ಇವೆರಡರ ಕೆಲಸವೂ ಬೇರೆ ಬೇರೆಯೆಂಬುದನ್ನು ತಿಳಿದರೆ ಈ ಪ್ರಶ್ನೆಗೆ ಉತ್ತರವು ದೊರೆಯುವುದು.

ಮೊದಲು ಮಣ್ಣನ್ನು ನೋಡೋಣ. ಬೆಂಗಳೂರಿನ ಸುತ್ತಣ ಕೆಮ್ಮಣ್ಣಿನಲ್ಲಿ ಕೊಳೆತ ಸೊಪ್ಪುಸದೆಯ ಅಂಶವು ಸ್ವಭಾವತಃ ಕಡಿಮೆ. ಹೊಸ ಕಟ್ಟಡಗಳ ಬಳಿಯಲ್ಲಂತೂ ಅಡಿಪಾಯಕ್ಕಾಗಿ ಅಗೆದ ಕೆಳಪದರದ ಮಣ್ಣೇ ಎಷ್ಟೋ ವೇಳೆ ಕೈತೋಟವಾಗಿರುತ್ತದೆ. ಇಂಥ ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂಗಳು ನಾವು ಹಾಕಿದ ರಂಜಕವನ್ನು ಬಿಗಿಹಿಡಿದು ಬೇರಿಗೆ ದಕ್ಕಗೊಡುವುದಿಲ್ಲ. ಸೂಪರ್ ಫಾಸ್ಫೇಟನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಹಾಕಿದಲ್ಲಿ ಈ ನಷ್ಟವು ತಗ್ಗುವುದು.

ನೂರು ಕಿಲೋ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ಸುಮಾರು ಅರ್ಧ ಕಿಲೋ ಮಾತ್ರ. ಒಂದು ಕಿಲೋ ಯೂರಿಯಾದಲ್ಲಿಯೇ 460 ಗ್ರಾಂ ಇರುತ್ತದೆ. ಹಾಗಾದರೆ ಯೂರಿಯಾವೊಂದೇ ಸಾಲದೇ ಎಂದು ಕೇಳಬಹುದು. ಸಾಲದು. ನೀರನ್ನು ಹಿಡಿದಿಡುವುದು, ಮಣ್ಣನ್ನು ಸಡಿಲವಾಗಿಸುವುದು, ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು ಕೊಟ್ಟಿಗೆ ಗೊಬ್ಬರದ ಕೆಲಸ. ಅದು ಮಣ್ಣಿನ ಊಟ. ಯೂರಿಯಾ ಗಿಡದ ಊಟ. ಊಟವು ಅತಿಯಾದರೆ ಎಲೆ ಹೆಚ್ಚಿ ಮೊಗ್ಗು ಹಿಂದುಳಿಯುವುದು. ಮೇಲಿನ ಪ್ರಶ್ನೆಗೆ ಹೆಚ್ಚಿನ ಸಂದರ್ಭಗಳಲ್ಲಿ ಇದೇ ಉತ್ತರ.

1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ನಮ್ಮ ಹೆಸರಘಟ್ಟದಲ್ಲಿಯೇ ಇದೆ. ಕಾಮಿನಿ, ಪೂರ್ಣಿಮಾ, ಶಶಾಂಕ ಎಂಬ ಆಸ್ಟರ್ ತಳಿಗಳು ಅಲ್ಲಿಯವೇ. ಆಸ್ಟರ್ ಬೆಳೆಗಾರರು ಮಡಿಗೆ ಮೊದಲು ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ನಾಟಿಯ ವೇಳೆಯಲ್ಲಿ ರಂಜಕ, ಪೊಟ್ಯಾಷ್‌ಗಳನ್ನು ಪೂರ್ಣವಾಗಿಯೂ ಸಾರಜನಕವನ್ನು ಅರ್ಧದಷ್ಟೂ ಕೊಡುತ್ತಾರೆ. ಉಳಿದರ್ಧವನ್ನು ಸುಮಾರು 40 ದಿನಗಳಾದ ಮೇಲೆ ಕೊಡುತ್ತಾರೆ. ಕಂತಿನಲ್ಲಿ ಕೊಟ್ಟ ಸಾರಜನಕವು ಮಳೆಗೆ ಕೊಚ್ಚಿಹೋಗುವುದು ಕಡಿಮೆ.

ಕುಂಡಗಳಲ್ಲಿ ಬೆಳೆಸುವವರು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಗೊಬ್ಬರ ಅಥವಾ ಎರೆಹುಳು ಗೊಬ್ಬರವನ್ನು ಬೆರೆಸಿಕೊಳ್ಳಬೇಕು. ಗಿಡವು ಬೇರೂರಿದ ಮೇಲೆ, ಲೀಟರ್ ನೀರಿಗೆ 1 ಗ್ರಾಂನಂತೆ 19:19:19 ಗೊಬ್ಬರವನ್ನು ಕರಗಿಸಿ 15 ದಿನಗಳಿಗೊಮ್ಮೆ ಒದ್ದೆ ಮಣ್ಣಿಗೆ ಹಾಕಬಹುದು. ಹಸಿ ಸಗಣಿಯನ್ನು ಬುಡಕ್ಕೆ ಹಾಕಬಾರದು. ಯೂರಿಯಾದೊಡನೆ ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಬೆರೆಸಬಾರದು. ಬೆರೆಸಿದರೆ ಸಾರಜನಕವು ಅಮೋನಿಯಾ ಆಗಿ ಗಾಳಿಗೆ ಹೋಗುವುದು.

ಕೊನೆಯದಾಗಿ ತಾಯ್ತಂದೆಯರಿಗೊಂದು ಮಾತು. ಗಿಡವು ಹೀರದೆ ಬಿಟ್ಟ ಸಾರಜನಕವು ನೈಟ್ರೇಟಾಗಿ ಅಂತರ್ಜಲಕ್ಕೆ ಇಳಿಯುವುದು. ಅಂಥ ನೀರು ಹಸುಗೂಸುಗಳಿಗೆ ಅಪಾಯಕರ. ಕೊಳವೆಬಾವಿಯ ನೀರನ್ನೇ ನೆಚ್ಚಿದ ಬಡಾವಣೆಗಳು ನಮ್ಮ ಸುತ್ತ ಎಷ್ಟೋ ಇವೆ. ಆದುದರಿಂದ ಮಣ್ಣನ್ನು ಪರೀಕ್ಷೆ ಮಾಡಿಸಿ, ಬೇಕಾದಷ್ಟನ್ನೇ ಅಳೆದು ಹಾಕುವುದು ಹೂವಿಗೂ ಹಿತ, ನೆರೆಹೊರೆಗೂ ಹಿತ.