ಒಂದೇ ಯಾರ್ಡ್, ಒಬ್ಬನೇ ನಾವಿಕ, ಎರಡು ಹಾಯಿದೋಣಿ: 'ಮ್ಹಾದೇಯಿ', 'ತುರಿಯಾ' ಪೈಕಿ ಯಾವುದು ಯಾವುದಕ್ಕೆ ಸರಿ?

ಖಾನಾಪುರ: ಮಹದಾಯಿ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ನೆನಪಾಗೋದು ಕಳಸಾ-ಬಂಡೂರಿ, ನೀರಿನ ಜಗಳ, ಬಂದ್. ಆದರೆ ಇದೇ ಹೆಸರಿನ ಒಂದು ಹಾಯಿದೋಣಿ ಒಬ್ಬನೇ ಮನುಷ್ಯನನ್ನು ಹೊತ್ತು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ನಮ್ಮ ತಾಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವಾಕ್ಕೆ ಇಳಿದು ಮಾಂಡೋವಿ ಆಗುತ್ತದೆ. ಪಣಜಿ ಹತ್ತಿರ ಆ ನದಿಯಲ್ಲಿ ದಿವಾರ್ ಅನ್ನೋ ದ್ವೀಪ ಇದೆ. ಅಲ್ಲಿನ ಅಕ್ವೇರಿಯಸ್ ಶಿಪ್‌ಯಾರ್ಡ್‌ನಲ್ಲಿ ರತ್ನಾಕರ ದಾಂಡೇಕರ್ ಅವರ ತಂಡ ಕಟ್ಟಿದ ದೋಣಿಗಳಲ್ಲಿ ಎರಡು ಜಗತ್ತಿಗೇ ಹೆಸರಾದವು. ಒಂದು ನೌಕಾಪಡೆಯ 'ಮ್ಹಾದೇಯಿ', ಗೋವಾದವರ ಬಾಯಲ್ಲಿ ಮಹದಾಯಿಗೆ ಇರುವ ಹೆಸರು. ಇನ್ನೊಂದು 'ತುರಿಯಾ'. ಎರಡನ್ನೂ ಒಬ್ಬಂಟಿಯಾಗಿ ದಕ್ಷಿಣದ ಮಹಾಸಾಗರಕ್ಕೆ ಒಯ್ದವರು ಒಬ್ಬರೇ, ನೌಕಾಪಡೆಯ ಅಭಿಲಾಷ್ ಟಾಮಿ.

ಹಾಗಾದರೆ ಎರಡರಲ್ಲಿ ಒಳ್ಳೇದು ಯಾವುದು? ಅಂಗಡಿಯವರಿಗೆ ಇದರ ಉತ್ತರ ಬೇಗ ತಿಳಿಯುತ್ತದೆ. ಟಾಟಾ ಏಸ್ ಒಳ್ಳೇದಾ, ಲಾರಿ ಒಳ್ಳೇದಾ ಅಂತ ಕೇಳಿದರೆ ನೀವು ಮೊದಲು ಕೇಳೋದು 'ಎಷ್ಟು ಮಾಲು, ಯಾವ ರಸ್ತೆ' ಅಂತ ತಾನೆ? ಇದೂ ಹಾಗೇ.

ಅಳತೆ ಎಷ್ಟು?

ಮ್ಹಾದೇಯಿ 56 ಅಡಿ ಉದ್ದ, ಸುಮಾರು 23 ಟನ್ ತೂಕ. ಒಂದೇ ಹಾಯಿಕಂಬ, ಅದರ ಎತ್ತರ ಸುಮಾರು 25 ಮೀಟರ್. ನೆದರ್ಲೆಂಡ್ಸಿನ ವಾನ್ ಡಿ ಸ್ಟಾಟ್ ಸಂಸ್ಥೆಯ ನಕ್ಷೆ. 2009ರಲ್ಲಿ ನೌಕಾಪಡೆ ಸೇರಿತು.

ತುರಿಯಾ ಬರೀ 32 ಅಡಿ. ಅಂದರೆ ನಮ್ಮ ಕೆಂಪು ಬಸ್ಸಿಗಿಂತಲೂ ಗಿಡ್ಡ. ಕಂಬ ಎರಡು. ಇದು 'ಸುಹೈಲಿ' ಅನ್ನೋ ಹಳೇ ದೋಣಿಯ ಪ್ರತಿರೂಪ. ಸುಹೈಲಿಯನ್ನು 1960ರ ದಶಕದಲ್ಲಿ ಮುಂಬೈನಲ್ಲಿ ಸಾಗುವಾನಿ ಮರದಿಂದ ಕಟ್ಟಿದ್ದರು. 1969ರಲ್ಲಿ ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್ಸ್‌ಟನ್ ಅದರಲ್ಲೇ 312 ದಿನದಲ್ಲಿ, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲಿಗರಾದರು.

ದೂರದ ಪ್ರಯಾಣಕ್ಕೆ

ಇಲ್ಲಿ ಮ್ಹಾದೇಯಿಗೇ ಹೆಚ್ಚು ಅಂಕ. ಕಾರಣ ಉದ್ದ. ದೋಣಿ ಮುಂದೆ ಹೋಗುವಾಗ ತಾನೇ ಒಂದು ಅಲೆ ಎಬ್ಬಿಸುತ್ತದೆ. ಆ ಅಲೆ ದೋಣಿಯಷ್ಟೇ ಉದ್ದ ಆದಾಗ ದೋಣಿ ಅದರ ತಗ್ಗಿನಲ್ಲಿ ಕೂತುಬಿಡುತ್ತದೆ, ಅದಕ್ಕಿಂತ ಜೋರಾಗಿ ಓಡೋದು ಕಷ್ಟ. ಉದ್ದ ದೋಣಿಗೆ ಉದ್ದ ಅಲೆ, ಅಲೆ ಉದ್ದ ಆದಷ್ಟೂ ವೇಗ ಜಾಸ್ತಿ. ಲೆಕ್ಕದ ಪ್ರಕಾರ ನೀರಿಗೆ ತಾಗುವ ಉದ್ದ 50 ಅಡಿ ಇದ್ದರೆ ಗಂಟೆಗೆ ಸುಮಾರು 17 ಕಿ.ಮೀ., 28 ಅಡಿ ಇದ್ದರೆ 13 ಕಿ.ಮೀ. ಸೈಕಲ್ ವೇಗ ಅಂತ ನಗಬೇಡಿ. ದೋಣಿ ರಾತ್ರಿಯೂ ನಿಲ್ಲೋದಿಲ್ಲ. ಗಾಳಿ ಚೆನ್ನಾಗಿದ್ದರೆ ಒಂದು ದಿನಕ್ಕೇ ನೂರು ಕಿ.ಮೀ. ವ್ಯತ್ಯಾಸ ಬೀಳುತ್ತದೆ.

2009-10ರಲ್ಲಿ ದಿಲೀಪ್ ದೊಂದೆ ಮ್ಹಾದೇಯಿಯಲ್ಲಿ ನಾಲ್ಕು ಕಡೆ ನಿಂತು, ಒಬ್ಬರೇ ಭೂಮಿ ಸುತ್ತಿದ ಮೊದಲ ಭಾರತೀಯರಾದರು. ಟಾಮಿ 2012ರ ನವೆಂಬರ್ 1ರಂದು ಮುಂಬೈ ಬಿಟ್ಟು, ಎಲ್ಲೂ ನಿಲ್ಲದೆ 2013ರ ಮಾರ್ಚ್ 31ಕ್ಕೆ ವಾಪಸ್ ಬಂದರು.

ವಾಸಕ್ಕೆ

ಒಳಗೆ ಬದುಕಬೇಕಲ್ಲ? ಅಡುಗೆ ಒಲೆ ತೂಗುಯ್ಯಾಲೆ ಹಾಗೆ ತೂಗಾಡುವಂತಿರುತ್ತದೆ, ದೋಣಿ ವಾಲಿದರೂ ಸಾರು ಚೆಲ್ಲಬಾರದು ಅಂತ. ಮಲಗಿದವರು ಉರುಳಬಾರದು ಅಂತ ಹಾಸಿಗೆಗೆ ಬಟ್ಟೆಯ ತಡೆ. ನೀರು, ಅಕ್ಕಿ, ಬೇಳೆ, ಬಿಡಿಭಾಗ, ಎಲ್ಲಕ್ಕೂ ಜಾಗ ಬೇಕು. ಮ್ಹಾದೇಯಿಯ ತಂಗಿಯಂಥ ದೋಣಿ 'ತಾರಿಣಿ'ಯಲ್ಲಿ ವರ್ತಿಕಾ ಜೋಶಿ ನೇತೃತ್ವದ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ, ನಡುವೆ ಬಂದರುಗಳಲ್ಲಿ ನಿಲ್ಲುತ್ತಾ, 254 ದಿನದ ಯಾತ್ರೆ ಮುಗಿಸಿದರು. ತುರಿಯಾದಂಥ ದೋಣಿಯಲ್ಲಿ ಆರು ಜನ ತಿಂಗಳುಗಟ್ಟಲೆ ಇರೋದು ಆಗದ ಮಾತು.

ಹಾಗಂತ ದೊಡ್ಡದೆಲ್ಲಾ ಸುಖ ಅಂತಲ್ಲ. 25 ಮೀಟರ್ ಕಂಬದ ಹಾಯಿ ಒಬ್ಬರೇ ಇಳಿಸೋದು ಮೈಮುರಿಯೋ ಕೆಲಸ. ತುರಿಯಾದಲ್ಲಿ ಎರಡು ಕಂಬಕ್ಕೆ ಹಾಯಿ ಹಂಚಿಹೋಗಿರುತ್ತದೆ, ಒಂದೊಂದೂ ಚಿಕ್ಕದು, ಒಬ್ಬರ ಕೈಗೆ ನಿಲುಕುತ್ತದೆ.

ರೇಸಿಗೆ

ರೇಸಿನಲ್ಲಿ ವೇಗಕ್ಕಿಂತ ಮೊದಲು ನೋಡಬೇಕಾದ್ದು ನಿಯಮ. ದಕ್ಷಿಣ ಆಫ್ರಿಕಾದಿಂದ ಬ್ರೆಜಿಲ್‌ಗೆ ಹೋಗುವ ಕೇಪ್ ಟು ರಿಯೋ ರೇಸಿನಲ್ಲಿ 2011 ಮತ್ತು 2014ರಲ್ಲಿ ಮ್ಹಾದೇಯಿ ಓಡಿತು. ಆದರೆ 2018ರ ಗೋಲ್ಡನ್ ಗ್ಲೋಬ್ ರೇಸಿಗೆ ಅದಕ್ಕೆ ಪ್ರವೇಶವೇ ಇರಲಿಲ್ಲ. ಅಲ್ಲಿ 32ರಿಂದ 36 ಅಡಿಯ, ಹಳೇ ನಕ್ಷೆಯ ದೋಣಿಗಳಿಗೆ ಮಾತ್ರ ಅವಕಾಶ. ಜಿಪಿಎಸ್ ನೋಡಿ ದಾರಿ ಹುಡುಕುವ ಹಾಗಿಲ್ಲ, ಸೂರ್ಯ, ನಕ್ಷತ್ರ ನೋಡಿಯೇ ಲೆಕ್ಕ ಹಾಕಬೇಕು. ತುರಿಯಾ ಹುಟ್ಟಿದ್ದೇ ಈ ರೇಸಿಗಾಗಿ.

ಸೆಪ್ಟೆಂಬರ್ 21ರಂದು ಮೂರನೇ ಸ್ಥಾನದಲ್ಲಿದ್ದಾಗ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿ ತುರಿಯಾವನ್ನು ಪೂರ್ತಿ ಉರುಳಿಸಿತು. ಕಂಬಗಳು ಮುರಿದವು. ಟಾಮಿ ಬೆನ್ನುಮೂಳೆಗೆ ಪೆಟ್ಟಾಗಿ ಏಳಲಾಗದೆ ಒಳಗೇ ಬಿದ್ದಿದ್ದರು. ಹತ್ತಿರದ ದೊಡ್ಡ ಊರು ಪರ್ತ್ ಸುಮಾರು 3,500 ಕಿ.ಮೀ. ದೂರ. ಮೂರನೇ ದಿನ, ಸೆಪ್ಟೆಂಬರ್ 24ಕ್ಕೆ, ಫ್ರಾನ್ಸಿನ 'ಒಸಿರಿಸ್' ಹಡಗು ಬಂದು ಅವರನ್ನು ಎತ್ತಿಕೊಂಡಿತು.

ತುರಿಯಾ ಸೋತಿತು ಅಂತ ಹೇಳೋದು ಸುಲಭ. ಆದರೆ ಒಂದು ಗಮನಿಸಿ. ಕಂಬ ಹೋದರೂ ಒಡಲು ಒಡೆಯಲಿಲ್ಲ, ಮುಳುಗಲಿಲ್ಲ. ದಿವಾರ್‌ನ ಕೆಲಸಗಾರರು ಕಟ್ಟಿದ ಆ 32 ಅಡಿ ಒಡಲು, ಏಳಲಾಗದ ಮನುಷ್ಯನನ್ನು ಮೂರು ದಿನ ನೀರಿನ ಮೇಲೆ ಹಿಡಿದಿಟ್ಟಿತು.

ಟಾಮಿ ಅಲ್ಲಿಗೇ ಬಿಡಲಿಲ್ಲ. 2022ರ ಅದೇ ರೇಸಿಗೆ ಮತ್ತೆ ಹೋದರು. ಈ ಸಲ 'ಬಯಾನತ್' ಹೆಸರಿನ, 36 ಅಡಿಯ, ಒಂದೇ ಕಂಬದ ಫೈಬರ್ ದೋಣಿ. ನಿಯಮ ಬಿಟ್ಟುಕೊಡುವ ಅತೀ ಹೆಚ್ಚು ಉದ್ದ ಅಷ್ಟೇ. 2023ರ ಏಪ್ರಿಲ್ 29ಕ್ಕೆ ಎರಡನೇ ಸ್ಥಾನ ಪಡೆದು ದಡ ಸೇರಿದರು.

ಒಟ್ಟು ಲೆಕ್ಕ ಇಷ್ಟೇ: ನಾಲ್ಕಾರು ಜನ ಇದ್ದು ದೂರ ಹೋಗಬೇಕಾ, ಉದ್ದದ ದೋಣಿ. ಒಬ್ಬರೇ ನಿಭಾಯಿಸಬೇಕಾ, ಚಿಕ್ಕದು ಹಗುರ, ಆದರೆ ದೊಡ್ಡ ಅಲೆಗೆ ಬೇಗ ಉರುಳುತ್ತದೆ. ರೇಸಾ, ಮೊದಲು ನಿಯಮ ಓದಿ. ಯಾವುದೇ ಇರಲಿ, ಒಡಲು ಗಟ್ಟಿ ಇರಬೇಕು. ಕಂಬ ಮತ್ತೆ ಹಾಕಬಹುದು, ಜೀವ ಹೋದರೆ ಬರೋದಿಲ್ಲ.