ಎರವಲು ಉಡುಗೆ, ಉಳಿದ ಋಣ
ಡೇವಿಡ್ ಬೋವೀ ಅವರ ಗಾಯನರಂಗ ಮತ್ತು ಜಪಾನಿನ ಜನಕಲೆ

ಕೊಡುವುದು, ಕೊಳ್ಳುವುದು ಲೋಕದ ವ್ಯವಹಾರ. ಧಾನ್ಯ, ವಸ್ತ್ರ, ಲೋಹಗಳಂತೆಯೇ ಹಾಡು, ಕುಣಿತ, ವೇಷಭೂಷಣಗಳೂ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಸಾಗುತ್ತ ಬಂದಿವೆ. ಆದರೆ ಕೊಳ್ಳುವುದರಲ್ಲಿಯೂ ಎರಡು ಬಗೆಗಳುಂಟು. ನೆರೆಮನೆಯ ಒಡವೆಯನ್ನು ಎರವಲು ತಂದು ತನ್ನದೆಂದೇ ಮೆರೆಯುವುದು ಒಂದು ಬಗೆ. ಇಂಥವರ ಮನೆಯದೆಂದು ನಾಲ್ಕು ಜನರೆದುರು ಹೇಳಿ, ಅದರ ಬೆಲೆಯನ್ನರಿತು ತೊಡುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಬೆಡಗು ಮಾತ್ರ ಉಳಿಯುತ್ತದೆ. ಎರಡನೆಯದರಲ್ಲಿ ಬಾಂಧವ್ಯವೂ ಬೆಳೆಯುತ್ತದೆ.

ಇಂದು ನಮ್ಮ ಮನೆಗಳ ಎಳೆಯರು ಜಪಾನಿನ ಸಜೀವಚಿತ್ರಗಳನ್ನು ನೋಡುತ್ತಾರೆ, ಅಲ್ಲಿಯ ಚಿತ್ರಕಥೆಗಳನ್ನು ಓದುತ್ತಾರೆ, ಅಲ್ಲಿನವರಂತೆ ಉಡಲು ಬಯಸುತ್ತಾರೆ. ಹಿರಿಯರಿಗೆ ಇದೊಂದು ಹೊಸ ಗಾಳಿಯೆಂದು ತೋರಬಹುದು. ವಾಸ್ತವವಾಗಿ ಈ ಗಾಳಿ ಪಶ್ಚಿಮದ ಗಾಯನರಂಗದ ಮೇಲೆ ಬೀಸಲಾರಂಭಿಸಿ ಐವತ್ತು ವರ್ಷಗಳಿಗೂ ಹೆಚ್ಚಾಯಿತು. ಅದನ್ನು ಸ್ವಾಗತಿಸಿದವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನ ಗಾಯಕ ಡೇವಿಡ್ ಬೋವೀ. ಅನ್ಯರ ಕಲೆಯನ್ನು ಕೊಳ್ಳುವ ರೀತಿ ಹೇಗಿರಬೇಕೆಂಬುದಕ್ಕೆ ಅವರ ಕಲಾಜೀವನವು ವಿಚಾರಾರ್ಹವಾದ ನಿದರ್ಶನವಾಗಿದೆ.

ಮೂಕಾಭಿನಯದ ಪಾಠ

ಡೇವಿಡ್ ಜೋನ್ಸ್ ಎಂಬ ಹುಟ್ಟು ಹೆಸರಿನ ಈ ಗಾಯಕರು 1947ರ ಜನವರಿ 8ರಂದು ಲಂಡನ್ ನಗರದ ಬ್ರಿಕ್ಸ್‌ಟನ್ ಎಂಬಲ್ಲಿ ಜನಿಸಿದರು. ಅದೇ ಹೆಸರಿನ ಬೇರೊಬ್ಬ ಗಾಯಕನು ಪ್ರಸಿದ್ಧನಾಗುತ್ತಿದ್ದುದರಿಂದ ಬೋವೀ ಎಂಬ ಹೆಸರನ್ನು ಇಟ್ಟುಕೊಂಡರು. ಹಾಡುಗಳು ಜನಮನ್ನಣೆ ಪಡೆಯದ ಆರಂಭದ ದಿನಗಳಲ್ಲಿ, 1967ರಲ್ಲಿ, ಅವರು ಲಿಂಡ್ಸೆ ಕೆಂಪ್ ಎಂಬ ನೃತ್ಯಗಾರರ ಬಳಿ ಮೂಕಾಭಿನಯವನ್ನು ಕಲಿಯತೊಡಗಿದರು. ಕೆಂಪ್ ಅವರಿಗೆ ಜಪಾನಿನ ಕಬೂಕಿ ನಾಟಕದಲ್ಲಿ ಅಪಾರವಾದ ಒಲವು. ಮುಖಕ್ಕೆ ಬಳಿದ ಬಿಳಿಯ ಬಣ್ಣ, ಅಳೆದಿಟ್ಟಂತಹ ಹೆಜ್ಜೆ, ಒಂದೇ ಭಂಗಿಯಲ್ಲಿ ಸ್ತಬ್ಧವಾಗಿ ನಿಂತು ಭಾವವನ್ನು ಹೊಮ್ಮಿಸುವ ಕ್ರಮ, ಇವುಗಳ ಮೊದಲ ಪರಿಚಯ ಬೋವೀ ಅವರಿಗೆ ಆದದ್ದು ಇಲ್ಲಿಯೇ.

ಕಬೂಕಿಯ ವಿಷಯವನ್ನು ಇಲ್ಲಿ ಸ್ವಲ್ಪ ಅರಿಯುವುದು ಅವಶ್ಯ. ಇಂದು ಅದು ಜಪಾನಿನ ಶಾಸ್ತ್ರೀಯ ಕಲೆಯೆಂದು ಪೂಜ್ಯವಾಗಿದೆಯಾದರೂ, ಹುಟ್ಟಿದಾಗ ಅದು ಪೇಟೆಯ ಜನರ ಆಟ. 17ನೆಯ ಶತಮಾನದ ಆರಂಭದಲ್ಲಿ ಇಜುಮೋ ನೋ ಓಕುನಿ ಎಂಬ ಮಹಿಳೆಯು ಕ್ಯೋಟೋ ನಗರದ ನದೀತೀರದಲ್ಲಿ ಆಡಿ ತೋರಿಸಿದ ಕುಣಿತದಿಂದ ಅದು ಬೆಳೆಯಿತೆಂದು ಇತಿಹಾಸ ಹೇಳುತ್ತದೆ. 1629ರಲ್ಲಿ ಆಳುವವರು ಸ್ತ್ರೀಯರು ರಂಗವೇರುವುದನ್ನು ನಿಷೇಧಿಸಿದರು. ಅನಂತರ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುವ ಪದ್ಧತಿ ನೆಲೆಗೊಂಡಿತು. ಇಂತಹ ನಟರನ್ನು ‘ಓನ್ನಾಗಾತಾ’ ಎಂದು ಕರೆಯುತ್ತಾರೆ. ನಮ್ಮ ಯಕ್ಷಗಾನದ ಸ್ತ್ರೀವೇಷವನ್ನು ಕಂಡವರಿಗೆ ಈ ಕಲೆಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೇಕ್ಷಕರ ಕಣ್ಣೆದುರಿನಲ್ಲಿಯೇ ಕ್ಷಣಾರ್ಧದಲ್ಲಿ ಉಡುಗೆಯನ್ನು ಬದಲಿಸುವುದು ಕಬೂಕಿಯ ಇನ್ನೊಂದು ವಿಶೇಷ. ಇದಕ್ಕೆ ‘ಹಾಯಾಗಾವಾರಿ’ ಎಂದು ಹೆಸರು. ಸಡಿಲವಾಗಿ ಹೊಲಿದ ದಾರಗಳನ್ನು ರಂಗಸಹಾಯಕರು ಸೆಳೆದಾಗ ಮೇಲಿನ ಉಡುಗೆ ಕಳಚಿ, ಒಳಗಿನ ಹೊಸ ಉಡುಗೆ ಥಟ್ಟನೆ ಬೆಳಗುತ್ತದೆ.

ಮೊದಲು ಅನುಕರಣೆ, ಆಮೇಲೆ ಪರಿಚಯ

1971ರಲ್ಲಿ ಕಾನ್ಸಾಯಿ ಯಾಮಾಮೋಟೊ ಎಂಬ ತರುಣ ಜಪಾನೀ ವಸ್ತ್ರವಿನ್ಯಾಸಕರು ಲಂಡನ್ನಿನಲ್ಲಿ ತಮ್ಮ ಉಡುಪುಗಳ ಪ್ರದರ್ಶನವನ್ನು ಏರ್ಪಡಿಸಿದರು. ಯೂರೋಪಿನವರು ಜಪಾನೆಂದರೆ ಸರಳತೆ, ಮೌನ, ಮಂದವರ್ಣಗಳ ನಾಡೆಂದು ಭಾವಿಸಿದ್ದ ಕಾಲವದು. ಯಾಮಾಮೋಟೊ ಅವರು ತಮ್ಮ ನಾಡಿನ ಇನ್ನೊಂದು ಮುಖವನ್ನು ತೋರಿದರು. ಕಣ್ಣು ಕೋರೈಸುವ ವರ್ಣಗಳು, ದೈತ್ಯಾಕಾರದ ತೋಳುಗಳು, ಕಬೂಕಿಯ ಸಿಂಹನೃತ್ಯದ ಕೆಂಪು ಕೇಸರ, ಇವೆಲ್ಲ ಅವರ ಪ್ರದರ್ಶನದಲ್ಲಿದ್ದವು.

ಪತ್ರಿಕೆಯೊಂದರಲ್ಲಿ ಅಚ್ಚಾದ ಆ ಚಿತ್ರಗಳನ್ನು ಬೋವೀ ಕಂಡರು. 1972ರಲ್ಲಿ ‘ಜಿಗ್ಗಿ ಸ್ಟಾರ್‌ಡಸ್ಟ್’ ಎಂಬ ಕಲ್ಪಿತ ಪಾತ್ರವಾಗಿ ಅವರು ರಂಗವೇರಿದಾಗ ಜಗತ್ತು ಬೆರಗಾಗಿ ನೋಡಿದ ಆ ಕೆಂಪು ಕೇಶವಿನ್ಯಾಸಕ್ಕೆ ಈ ಚಿತ್ರಗಳೇ ಪ್ರೇರಣೆ. ಅಂದರೆ ಮೊದಲು ನಡೆದದ್ದು ಅನುಕರಣೆಯೇ. ವಿನ್ಯಾಸಕರ ಮುಖಪರಿಚಯವೂ ಇಲ್ಲದೆ ಅವರ ಕಲ್ಪನೆಯನ್ನು ಎತ್ತಿಕೊಂಡದ್ದಾಯಿತು. ಇದನ್ನು ಮರೆಮಾಚುವ ಕಾರಣವಿಲ್ಲ. ಬೋವೀ ಕೂಡ ಮುಂದೆ ಇದನ್ನು ಮುಚ್ಚಿಡಲಿಲ್ಲ. ಯಾರಿಂದ ಪಡೆದೆನೆಂಬುದನ್ನು ಬಾಯ್ತೆರೆದು ಹೇಳಿದರು. ಅಲ್ಲದೆ ಅನುಕರಣೆಯಲ್ಲಿಯೇ ನಿಲ್ಲದೆ ಮೂಲವನ್ನು ಅರಸಿಕೊಂಡು ಹೋದರು. ಅವರ ವಿಶೇಷತೆಯಿರುವುದು ಇಲ್ಲಿಯೇ.

1973ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ನಗರದ ರೇಡಿಯೋ ಸಿಟಿ ಸಭಾಂಗಣದಲ್ಲಿ ಬೋವೀ ಅವರ ಗಾಯನವಿತ್ತು. ಯಾಸುಕೋ ತಾಕಾಹಾಶಿ ಎಂಬ ಜಪಾನೀ ಉಡುಪುತಜ್ಞೆಯ ಕರೆಯ ಮೇರೆಗೆ ಯಾಮಾಮೋಟೊ ಅವರು ಅಲ್ಲಿಗೆ ಬಂದರು. ತಾವು ಹೆಂಗಸರಿಗೆಂದು ರಚಿಸಿದ್ದ ಉಡುಗೆಗಳನ್ನು ಇಂಗ್ಲೆಂಡಿನ ಗಾಯಕನೊಬ್ಬನು ಧರಿಸಿ, ಕಬೂಕಿಯ ರೀತಿಯಲ್ಲಿ ರಂಗದ ಮೇಲೆಯೇ ವೇಷ ಬದಲಿಸಿದ್ದನ್ನು ಕಂಡು ಅವರು ವಿಸ್ಮಿತರಾದರು. ಅಂದಿನಿಂದ ಇಬ್ಬರ ನಡುವೆ ಸ್ನೇಹ ಬೆಳೆಯಿತು. ದೊರೆತ ಉಡುಪನ್ನು ತೊಡುವ ಹಂತವು ಮುಗಿದು, ವಿನ್ಯಾಸಕರೇ ಗಾಯಕನಿಗಾಗಿ ಹೊಸದಾಗಿ ರಚಿಸುವ ಹಂತ ಆರಂಭವಾಯಿತು.

ಮೂಲದ ನೆಲದಲ್ಲಿ

ಬೋವೀ ಅವರಿಗೆ ಆ ದಿನಗಳಲ್ಲಿ ವಿಮಾನವೆಂದರೆ ಭಯ. ಆದಕಾರಣ ಹಡಗಿನಲ್ಲಿ ಸಾಗರವನ್ನು ದಾಟಿ 1973ರ ಏಪ್ರಿಲ್ ತಿಂಗಳಲ್ಲಿ ಯೋಕೋಹಾಮಾ ಬಂದರಿಗೆ ಬಂದಿಳಿದರು. ಜಪಾನಿನಲ್ಲಿ ಯಾಮಾಮೋಟೊ ಅವರು ಇವರಿಗಾಗಿಯೇ ರಚಿಸಿದ ಹಲವು ಉಡುಗೆಗಳನ್ನು ನೀಡಿದರು. ‘ಟೋಕಿಯೋ ಪಾಪ್’ ಎಂದು ಹೆಸರಾದ ಉಡುಗೆ ಅವುಗಳಲ್ಲಿ ಪ್ರಸಿದ್ಧ. ಹೊಳೆಯುವ ಕಪ್ಪು ಮೈಬಟ್ಟೆ, ಅದರ ಮೇಲೆ ಬಿಳಿಯ ಬಾಗುಗೆರೆಗಳು, ಅರ್ಧಚಂದ್ರಾಕಾರವಾಗಿ ಎರಡೂ ಕಡೆಗೆ ಚಾಚಿದ ಕಾಲುಭಾಗ. ಇನ್ನೊಂದು ಬಿಳಿಯ ನಿಲುವಂಗಿಯ ಮೇಲೆ ದೊಡ್ಡ ಜಪಾನೀ ಲಿಪಿಚಿಹ್ನೆಗಳಿದ್ದವು. ಅವುಗಳನ್ನು ಉಚ್ಚರಿಸಿದರೆ ಗಾಯಕರ ಹೆಸರೇ ಕೇಳಿಸುತ್ತದೆ. ಬಿಡಿಬಿಡಿಯಾಗಿ ಅರ್ಥಮಾಡಿದರೆ ಬೆಂಕಿ, ಉಗುಳು, ಉಗ್ರತೆ ಎಂಬ ಭಾವಗಳು ಹೊರಡುತ್ತವೆ. ರಂಗದಲ್ಲಿ ಸಹಾಯಕರಿಬ್ಬರು ಎರಡು ಬದಿಯಿಂದ ಆ ನಿಲುವಂಗಿಯನ್ನು ಸೆಳೆದೊಡನೆ ಒಳಗಿನ ಉಡುಗೆ ಕಾಣಿಸುತ್ತಿತ್ತು. ಇದು ಕಬೂಕಿಯ ಆ ಹಳೆಯ ತಂತ್ರವೇ ಆಗಿತ್ತು.

ಇದೇ ಸಂದರ್ಭದಲ್ಲಿ ಹೆಸರಾಂತ ಓನ್ನಾಗಾತಾ ನಟ ಬಾಂಡೋ ತಾಮಾಸಾಬುರೋ ಅವರು ಬೋವೀ ಅವರಿಗೆ ಬಣ್ಣಗಾರಿಕೆಯ ಕ್ರಮವನ್ನು ಕಲಿಸಿಕೊಟ್ಟರು. ತಾಮಾಸಾಬುರೋ ಹುಟ್ಟಿದ್ದು 1950ರಲ್ಲಿ. ಶಿಷ್ಯನಿಗಿಂತ ಗುರುವೇ ಕಿರಿಯ! ಅಷ್ಟು ಹೊತ್ತಿಗೆ ಬೋವೀ ಹೆಸರು ಮಾಡಿದ್ದರು, ಜನಜಂಗುಳಿ ಅವರನ್ನು ನೋಡಲು ಮುಗಿಬೀಳುತ್ತಿತ್ತು. ಆದರೂ ತನಗಿಂತ ಕಿರಿಯನಾದ ನಟನೆದುರು ಕಲಿಯಲು ಕುಳಿತರು. ಬಲ್ಲವರ ಮುಂದೆ ವಯಸ್ಸನ್ನೂ ಕೀರ್ತಿಯನ್ನೂ ಬದಿಗಿರಿಸುವುದು ವಿದ್ಯಾರ್ಥಿಯ ಮೊದಲ ಲಕ್ಷಣವಲ್ಲವೇ?

ಉಡುಗೆಯಿಂದ ಒಳದನಿಗೆ

ವೇಷವು ಒಂದು ಋತುವಿನ ಮಾತು. 1973ರ ಜುಲೈ 3ರಂದು ಲಂಡನ್ನಿನಲ್ಲಿ ಬೋವೀ ಜಿಗ್ಗಿ ಪಾತ್ರಕ್ಕೆ ವಿದಾಯ ಹೇಳಿದರು. ಅವರ ಆಸೆ ಕೇವಲ ಬೆಡಗಿನದಾಗಿದ್ದರೆ ಜಪಾನಿನ ನಂಟು ಅಂದಿಗೇ ಮುಗಿಯಬೇಕಾಗಿತ್ತು. ಅದು ಮುಗಿಯಲಿಲ್ಲ. 1972ರಲ್ಲಿ ಲಂಡನ್ನಿಗೆ ಬಂದು ಅವರನ್ನು ಚಿತ್ರಿಸಿದ ಛಾಯಾಗ್ರಾಹಕ ಮಾಸಾಯೋಶಿ ಸುಕಿತಾ ನಾಲ್ಕು ದಶಕಗಳ ಕಾಲ ಅವರ ಸಂಗಾತಿಯಾದರು. 1977ರ ‘ಹೀರೋಸ್’ ಧ್ವನಿಮುದ್ರಿಕೆಯ ಮುಖಪುಟದಲ್ಲಿರುವ ಕಪ್ಪುಬಿಳುಪಿನ ಭಾವಚಿತ್ರ ಸುಕಿತಾ ಅವರು ಅದೇ ವರ್ಷ ಟೋಕಿಯೋದಲ್ಲಿ ತೆಗೆದದ್ದು. ಅದೇ ಮುದ್ರಿಕೆಯ ‘ಮಾಸ್ ಗಾರ್ಡನ್’ ಎಂಬ ವಾದ್ಯಕೃತಿಯಲ್ಲಿ ಜಪಾನಿನ ತಂತಿವಾದ್ಯವಾದ ಕೋಟೋವಿನ ನಾದವಿದೆ.

ಇನ್ನೂ ಗಮನಾರ್ಹವಾದುದು 1980ರ ‘ಸ್ಕೇರಿ ಮಾನ್‌ಸ್ಟರ್ಸ್’ ಮುದ್ರಿಕೆಯ ಮೊದಲ ಹಾಡು. ಅದರಲ್ಲಿ ಮಿಚಿ ಹಿರೋತಾ ಎಂಬ ಕಲಾವಿದೆಯು ಜಪಾನೀ ಭಾಷೆಯಲ್ಲಿ ಸಾಲುಗಳನ್ನು ನುಡಿಯುತ್ತಾರೆ. ಜಪಾನಿನ ಹೆಣ್ಣೆಂದರೆ ತಲೆತಗ್ಗಿಸಿ ಮೆಲ್ಲನೆ ಮಾತನಾಡುವ ಗೊಂಬೆಯೆಂಬ ಕಲ್ಪನೆ ಪಶ್ಚಿಮದಲ್ಲಿ ಬೇರೂರಿತ್ತು. ಅದನ್ನು ಒಡೆಯಬೇಕೆಂಬ ಉದ್ದೇಶದಿಂದಲೇ ಬೋವೀ ಆ ಸಾಲುಗಳನ್ನು ಗಡುಸಾದ, ಯೋಧನಂತಹ ದನಿಯಲ್ಲಿ ಹೇಳಿಸಿದರು. ಕಲಿತವನು ಕಲಿಸಿದ ನಾಡಿಗೆ ಸಲ್ಲಿಸಿದ ಕಾಣಿಕೆಯೆಂದು ಇದನ್ನು ತಿಳಿಯಬಹುದು.

1983ರಲ್ಲಿ ನಾಗಿಸಾ ಓಶಿಮಾ ನಿರ್ದೇಶಿಸಿದ ‘ಮೆರ್ರಿ ಕ್ರಿಸ್‌ಮಸ್, ಮಿಸ್ಟರ್ ಲಾರೆನ್ಸ್’ ಚಲನಚಿತ್ರದಲ್ಲಿ ಬೋವೀ ನಟಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾವಾ ದ್ವೀಪದ ಜಪಾನೀ ಸೆರೆಶಿಬಿರದಲ್ಲಿ ನಡೆಯುವ ಕಥೆಯದು. ಅಲ್ಲಿ ಅವರೆದುರು ಶಿಬಿರಾಧಿಕಾರಿಯಾಗಿ ನಟಿಸಿದ ರ‍್ಯೂಯಿಚಿ ಸಾಕಾಮೋಟೊ ಸ್ವತಃ ದೊಡ್ಡ ಸಂಗೀತಗಾರರು. ಚಿತ್ರದ ಸಂಗೀತವೂ ಅವರದೇ. ಶತ್ರುಗಳಾಗಿ ಕಾದಾಡಿದ ಎರಡು ನಾಡುಗಳ ಕಲಾವಿದರು ಆ ಕಹಿಯನ್ನೇ ವಸ್ತುವಾಗಿಸಿಕೊಂಡು ಒಂದೇ ಚಿತ್ರದಲ್ಲಿ ದುಡಿದದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ನಿದರ್ಶನ

ಇದರ ಪಕ್ಕದಲ್ಲಿ ಮತ್ತೊಂದು ಉದಾಹರಣೆಯನ್ನಿಟ್ಟು ನೋಡೋಣ. ಅಮೆರಿಕದ ಗಾಯಕಿ ಗ್ವೆನ್ ಸ್ಟೆಫಾನಿ ಅವರ ತಂದೆ ಯಮಾಹಾ ಸಂಸ್ಥೆಯಲ್ಲಿದ್ದು ಜಪಾನಿಗೆ ಹೋಗಿಬರುತ್ತಿದ್ದವರು. ಆ ನಾಡಿನ ಕಥೆಗಳನ್ನು ಕೇಳಿ ಬೆಳೆದ ಮಗಳಿಗೆ ಟೋಕಿಯೋದ ಹಾರಾಜುಕು ಪ್ರದೇಶದ ತರುಣ ತರುಣಿಯರು ತೊಡುವ ವಿಚಿತ್ರ ಸೊಗಸಿನ ಉಡುಪುಗಳ ಮೇಲೆ ಮೋಹ ಹುಟ್ಟಿತು. ಆ ಮೋಹ ಸುಳ್ಳೆನ್ನಲು ಯಾವ ಕಾರಣವೂ ಇಲ್ಲ. 2004ರಲ್ಲಿ ತಮ್ಮ ಮೊದಲ ಸ್ವತಂತ್ರ ಧ್ವನಿಮುದ್ರಿಕೆಯನ್ನು ಹೊರತಂದಾಗ ಅವರು ನಾಲ್ವರು ನರ್ತಕಿಯರನ್ನು ಸದಾ ಜೊತೆಯಲ್ಲಿಟ್ಟುಕೊಂಡರು. ಲವ್, ಏಂಜೆಲ್, ಮ್ಯೂಸಿಕ್, ಬೇಬಿ ಎಂಬ ಮುದ್ರಿಕೆಯ ಶೀರ್ಷಿಕೆಯ ನಾಲ್ಕು ಪದಗಳೇ ಆ ನಾಲ್ವರ ರಂಗನಾಮಗಳಾದವು. ಅವರು ಗಾಯಕಿಯ ಹಿಂದೆ ಮೌನವಾಗಿ ನಿಲ್ಲುತ್ತಿದ್ದರು. ಕೊರಿಯಾ ಮೂಲದ ಅಮೆರಿಕದ ಹಾಸ್ಯಕಲಾವಿದೆ ಮಾರ್ಗರೆಟ್ ಚೋ 2005ರಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಆ ನಾಲ್ವರಲ್ಲಿ ಒಬ್ಬರಾದ ರಿನೋ ನಾಕಾಸೋನೆ ಮುಂದೆ ಕೊರಿಯಾದ ಪ್ರಸಿದ್ಧ ಗಾಯನತಂಡಗಳಿಗೆ ನೃತ್ಯಸಂಯೋಜಕಿಯಾಗಿ ಹೆಸರು ಗಳಿಸಿದರು. ಅಂತಹ ಪ್ರತಿಭೆ ಅಲಂಕಾರದ ವಸ್ತುವಿನಂತೆ ಹಿನ್ನೆಲೆಯಲ್ಲಿ ನಿಂತಿತ್ತೆಂಬುದೇ ವಿಷಾದ.

ಬೋವೀ ಅವರ ಕಥೆಯಲ್ಲಿ ಜಪಾನಿನವರು ಯಾಮಾಮೋಟೊ, ತಾಮಾಸಾಬುರೋ, ಸುಕಿತಾ, ಹಿರೋತಾ, ಓಶಿಮಾ ಎಂದು ತಮ್ಮ ತಮ್ಮ ಹೆಸರಿನಿಂದ, ತಮ್ಮ ತಮ್ಮ ವಿದ್ಯೆಯಿಂದ ನಿಲ್ಲುತ್ತಾರೆ. ಇನ್ನೊಂದರಲ್ಲಿ ಅವರಿಗೆ ಗಾಯಕಿಯು ಕೊಟ್ಟ ಹೆಸರು ಮಾತ್ರ ಇದೆ. ಪ್ರೀತಿ ಎರಡೂ ಕಡೆಯಲ್ಲಿತ್ತು. ಪ್ರೀತಿಯೊಂದೇ ಸಾಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಋಣದ ನೆನಪು

ಬೋವೀ 2016ರ ಜನವರಿ 10ರಂದು ನಿಧನರಾದರು. ಯಾಮಾಮೋಟೊ 2020ರ ಜುಲೈ ತಿಂಗಳಲ್ಲಿ ತೀರಿಕೊಂಡರು. ಬೋವೀ ಅವರ ವೇಷಭೂಷಣಗಳ ಪ್ರದರ್ಶನವೊಂದನ್ನು 2013ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಏರ್ಪಡಿಸಿತ್ತು. ಅದು ಹಲವು ದೇಶಗಳನ್ನು ಸುತ್ತಿ 2017ರಲ್ಲಿ ಟೋಕಿಯೋವನ್ನು ತಲುಪಿತು. ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಕಲೆ ಮರಳಿತು. ಈ ನಡುವೆ ಜಪಾನಿನ ‘ವಿಶುಅಲ್ ಕೇ’ ಎಂಬ ಗಾಯನಪಂಥದ ತರುಣರು ಬೋವೀ ಮತ್ತು ಅವರ ಸಮಕಾಲೀನರ ವೇಷದಿಂದ ತಾವೂ ಪ್ರೇರಣೆ ಪಡೆದರು. ಕೊಟ್ಟವರು ಕೊಂಡರು, ಕೊಂಡವರು ಕೊಟ್ಟರು.

ನಮ್ಮ ಮಕ್ಕಳು ಪರದೇಶದ ಹಾಡನ್ನು ಹಾಡಿದಾಗ, ಪರದೇಶದ ಉಡುಗೆಯನ್ನು ತೊಟ್ಟಾಗ ಹಿರಿಯರು ಗದರುವುದರಿಂದ ಪ್ರಯೋಜನವಿಲ್ಲ. ಅದಕ್ಕೆ ಬದಲಾಗಿ ಮೂರು ಪ್ರಶ್ನೆಗಳನ್ನು ಮೆಲ್ಲನೆ ಕೇಳಬಹುದು. ಮಗೂ, ಇದು ಯಾರ ಮನೆಯದು? ಇದರ ಹಿಂದಿನ ವಿದ್ಯೆಯೇನು? ಇದನ್ನು ಮಾಡಿದವರ ಹೆಸರೇನು? ಈ ಮೂರಕ್ಕೂ ಉತ್ತರವನ್ನು ಹುಡುಕಿ ತರುವ ಮಗುವಿಗೆ ಪರರ ಒಡವೆ ಬೆಡಗಿನ ವಸ್ತುವಾಗಿ ಉಳಿಯುವುದಿಲ್ಲ, ಅದು ವಿದ್ಯೆಯಾಗುತ್ತದೆ. ಎರವಲು ತಂದ ಉಡುಗೆಯನ್ನು ಒಂದು ದಿನ ಕಳಚಲೇಬೇಕು. ಕೊಟ್ಟವರ ನೆನಪನ್ನು ಕಳಚಬಾರದು.